ಚಾಪಗುರಿ: ಎರಡು ಪೊಟ್ಟಣಗಳ ಹಿಂದಿನ ರಸಾಯನ

ದಕ್ಷಿಣ ಕೊರಿಯಾದ ನಾಂಗ್‌ಶಿಮ್ ಕಂಪನಿ 1982ರಲ್ಲಿ ನಿಯೊಗುರಿ, 1984ರಲ್ಲಿ ಚಾಪಗೆಟ್ಟಿ ಎಂಬ ನೂಡಲ್ಸ್‌ಗಳನ್ನು ಮಾರುಕಟ್ಟೆಗೆ ತಂದಿತು. ಮೊದಲನೆಯದು ದಪ್ಪ ಎಳೆಗಳ, ಸಮುದ್ರಾಹಾರದ ರುಚಿಯ ಖಾರದ ಸೂಪು. ಎರಡನೆಯದು ಹುದುಗಿಸಿದ ಸೋಯಾ ಕಾಳಿನ ಕಪ್ಪು ಮಸಾಲೆಯಲ್ಲಿ ಕಲಸಿ ತಿನ್ನುವಂಥದ್ದು. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದರೆ ಅದೇ ಚಾಪಗುರಿ. ಇದನ್ನು ಮೊದಲು ಮಾಡಿ ತಿಂದವರು ಕಂಪನಿಯವರಲ್ಲ, ಕೊಂಡು ತಿನ್ನುವ ಜನರೇ. 2019ರ ‘ಪ್ಯಾರಸೈಟ್’ ಚಿತ್ರದಲ್ಲಿ ದುಬಾರಿ ಗೋಮಾಂಸದೊಂದಿಗೆ ಕಾಣಿಸಿಕೊಂಡ ಮೇಲೆ ಇದು ಲೋಕಪ್ರಸಿದ್ಧವಾಯಿತು.

ಈ ಜೋಡಿ ಇಷ್ಟು ಚೆನ್ನಾಗಿ ಹೊಂದಿಕೊಂಡದ್ದು ಆಕಸ್ಮಿಕವಲ್ಲ. ನಿಯೊಗುರಿಯ ಪೊಟ್ಟಣದಲ್ಲಿ ಒಣಗಿಸಿದ ಕಡಲಪಾಚಿಯ ಒಂದು ತುಣುಕು ಇರುತ್ತದೆ. ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡ 1908ರಲ್ಲಿ ಗ್ಲುಟಮೇಟನ್ನು ಬೇರ್ಪಡಿಸಿ ತೆಗೆದದ್ದು ಇದೇ ಬಗೆಯ ಪಾಚಿಯಿಂದ. ಉಮಾಮಿ ಎಂಬ, ಮಾಂಸದ ಸಾರಿನಂಥ ತುಂಬು ರುಚಿಯ ಮೂಲ ಈ ಗ್ಲುಟಮೇಟೇ. ಸೋಯಾ ಹುದುಗುವಾಗಲೂ ಅದರ ಪ್ರೋಟೀನು ಒಡೆದು ಗ್ಲುಟಮೇಟ್ ಬಿಡುಗಡೆಯಾಗುತ್ತದೆ. ಮೀನು ಮಾಂಸಗಳಲ್ಲಿ ಇನೊಸಿನೇಟ್ ಎಂಬ ಇನ್ನೊಂದು ವಸ್ತುವಿದೆ. ಇವೆರಡೂ ಸೇರಿದಾಗ ರುಚಿ ಕೂಡಿಕೆಯ ಲೆಕ್ಕವನ್ನು ಮೀರಿ, ಹಲವು ಪಟ್ಟು ಏರುತ್ತದೆ. ನಾಲಗೆಯಲ್ಲಿ ಈ ರುಚಿಯನ್ನು ಗುರುತಿಸುವ ಗ್ರಾಹಕದ ಸೀಳಿನೊಳಗೆ ಗ್ಲುಟಮೇಟ್ ಕುಳಿತೊಡನೆ ಅದು ಮುಚ್ಚಿಕೊಳ್ಳುತ್ತದೆ. ಇನೊಸಿನೇಟ್ ಬಂದು, ಬಾಗಿಲಿಗೆ ಚಿಲಕ ಹಾಕಿದಂತೆ, ಅದನ್ನು ಮುಚ್ಚಿಯೇ ಇರಿಸುತ್ತದೆ. ಚಿತ್ರದಲ್ಲಿ ಮಾಂಸ ಸೇರಿದ್ದು ಸಿರಿವಂತಿಕೆಯ ಗುರುತಾಗಿರಬಹುದು. ರುಚಿಯ ದೃಷ್ಟಿಯಿಂದಲೂ ಅದು ಸರಿಯಾದ ಆಯ್ಕೆಯೇ.

ಆದರೆ ನನ್ನ ಮಟ್ಟಿಗೆ ಚಾಪಗುರಿಯ ನಿಜವಾದ ಜಾಣತನ ಇರುವುದು ನೀರಿನಲ್ಲಿ. ಎಳೆಗಳು ಬೆಂದ ಮೇಲೆ ನೀರನ್ನೆಲ್ಲ ಬಸಿಯದೆ, ಸಣ್ಣ ಲೋಟದಷ್ಟು ಉಳಿಸಿಕೊಳ್ಳಬೇಕು. ಎಳೆಗಳಿಂದ ಹೊರಬಂದ ಪಿಷ್ಟ ಆ ನೀರಿನಲ್ಲಿ ಕರಗಿರುತ್ತದೆ. ಮಸಾಲೆ ಪುಡಿ ಹಾಕಿ ಉರಿಯ ಮೇಲೆ ಕಲಸುತ್ತಾ ಹೋದಂತೆ ನೀರು ಆರಿ ಪಿಷ್ಟ ಗಟ್ಟಿಯಾಗುತ್ತದೆ, ಎಣ್ಣೆಯ ಹನಿಗಳು ಒಂದಕ್ಕೊಂದು ಕೂಡಿ ಬೇರೆಯಾಗದಂತೆ ತಡೆಯುತ್ತದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಸೂಪಿನಲ್ಲಾದರೆ ಅದು ಎಣ್ಣೆಯೊಂದಿಗೆ ಮೇಲೆ ತೇಲುತ್ತಿತ್ತು. ಇಲ್ಲಿ ಪ್ರತಿಯೊಂದು ಎಳೆಗೂ ಅಂಟಿಕೊಳ್ಳುತ್ತದೆ. ನೀರನ್ನು ಪೂರ್ತಿ ಚೆಲ್ಲಿದರೆ ಪುಡಿ ಗಂಟುಕಟ್ಟಿ, ಎಳೆಗಳು ಒಣಗಿ ಅಂಟಿಕೊಂಡು, ಎಲ್ಲವೂ ಕೆಡುತ್ತದೆ.

ಬೇಯುವ ಹೊತ್ತಿನ ಬಗೆಗೂ ಗಮನವಿರಲಿ. ನೀರು ಎಳೆಯ ನಡುವಿನವರೆಗೆ ಇಳಿಯಲು ಬೇಕಾಗುವ ಸಮಯ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಸಮಯ ಸುಮಾರು ನಾಲ್ಕು ಪಟ್ಟು. ಆದ್ದರಿಂದ ನಿಯೊಗುರಿಯ ದಪ್ಪ ಎಳೆಗಳನ್ನು ಸ್ವಲ್ಪ ಮುಂಚೆಯೇ ಹಾಕುವುದು ಒಳ್ಳೆಯದು.

ಇನ್ನು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ವಯಸ್ಕರಿಗೆ ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ ಸಾಕು. ಎರಡೂ ಪುಡಿಗಳನ್ನು ಪೂರ್ತಿ ಸುರಿದು ಒಬ್ಬರೇ ತಿಂದರೆ ಒಂದೇ ಊಟದಲ್ಲಿ ಆ ಮಿತಿ ದಾಟುತ್ತದೆ. ಮೇಲಾಗಿ ನಿಯೊಗುರಿಯ ಪುಡಿಯನ್ನು ಅಳೆದಿರುವುದು ಪಾತ್ರೆ ತುಂಬ ಸೂಪಿಗೆಂದು, ಇಷ್ಟು ಕಡಿಮೆ ನೀರಿಗಲ್ಲ. ಚಾಪಗೆಟ್ಟಿಯ ಪುಡಿ ಪೂರ್ತಿ, ನಿಯೊಗುರಿಯದು ಅರ್ಧ ಹಾಕಿ ಇಬ್ಬರು ಹಂಚಿಕೊಳ್ಳಿ. ಮಿಕ್ಕ ಅರ್ಧ ಪುಡಿಯಿಂದ ಮರುದಿನ ಒಳ್ಳೆಯ ಮೊಟ್ಟೆ ಸೂಪು ಮಾಡಬಹುದು.