ಪದ ಪರಿಚಯ: ಗಾಯ ಮಾಯಿಸುವ ತೋಟ

ಅಮೆರಿಕದ ಕೆಲವು ಚರ್ಚುಗಳ ಅಂಗಳದಲ್ಲಿ ತರಕಾರಿ ತೋಟಗಳಿವೆ. ಸಭೆಯವರು, ಅಕ್ಕಪಕ್ಕದ ಬೀದಿಯವರು ಸೇರಿ ಬೆಳೆಯುತ್ತಾರೆ, ಸೇರಿ ಹಂಚಿಕೊಳ್ಳುತ್ತಾರೆ. ಇಂಥ ತೋಟದ ಬಗ್ಗೆ ಮಾತಾಡುವಾಗ ‘ರೇಸಿಯಲ್ ಹೀಲಿಂಗ್’ ಎಂಬ ಮಾತು ಬರುತ್ತದೆ. ಬಣ್ಣಭೇದ ಮಾಡಿದ ಗಾಯ ಮಾಯುವುದು ಎಂದು ಅರ್ಥ. ಅದರ ಹಿಂದೆಯೇ ‘ಜಸ್ಟಿಸ್’, ಅಂದರೆ ನ್ಯಾಯ ಎಂಬ ಪದವೂ ಬರುತ್ತದೆ. ಬದನೆ, ಟೊಮೆಟೊ ಬೆಳೆಯುವ ಜಾಗಕ್ಕೆ ಇಷ್ಟು ದೊಡ್ಡ ಮಾತು ಯಾಕೆ?

ಬಾಲ್ಟಿಮೋರ್ ನಗರದ ಒಂದು ಚರ್ಚಿನಿಂದ ಶುರು ಮಾಡೋಣ. ಪ್ಲೆಸೆಂಟ್ ಹೋಪ್ ಬ್ಯಾಪ್ಟಿಸ್ಟ್ ಚರ್ಚ್. ಕಪ್ಪು ಜನರ ಸಭೆ. ಹೀಬರ್ ಬ್ರೌನ್ ಅಲ್ಲಿ ಪಾಸ್ಟರ್ ಆಗಿದ್ದರು. ಸಭೆಯವರು ಹುಷಾರು ತಪ್ಪಿ ಆಸ್ಪತ್ರೆ ಸೇರಿದರೆ ಹೋಗಿ ನೋಡಿ, ಪ್ರಾರ್ಥನೆ ಮಾಡಿ ಬರುತ್ತಿದ್ದರು. ಹೋದಲ್ಲೆಲ್ಲ ಕಂಡದ್ದು ಊಟದ ಜೊತೆ ನಂಟಿರುವ ಕಾಯಿಲೆಗಳೇ. ಬರೀ ಪ್ರಾರ್ಥನೆ ಸಾಲದು ಅನ್ನಿಸಿತು. ಒಳ್ಳೆ ತರಕಾರಿ ತಂದು ಕೊಡೋಣ ಎಂದು ಮಾರ್ಕೆಟ್ಟಿಗೆ ಹೋದರೆ ರೇಟು ಕೈಗೆಟುಕುವಂತಿರಲಿಲ್ಲ. ವಾಪಸು ಬಂದಾಗ ಚರ್ಚಿನ ಮುಂದೆ ಸುಮ್ನೆ ಬಿದ್ದಿದ್ದ ಹುಲ್ಲಿನ ಜಾಗ ಕಣ್ಣಿಗೆ ಬಿತ್ತು.

ಸುಮಾರು 1,500 ಚದರ ಅಡಿ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು 30 ಬೈ 50 ಸೈಟು, ಅಷ್ಟೇ. ಮಣ್ಣಿನ ಕೆಲಸ ಬಲ್ಲ ಮ್ಯಾಕ್ಸೀನ್ ಎಂಬ ಮಹಿಳೆ ಮುಂದೆ ನಿಂತು ತೋಟ ಮಾಡಿಸಿದರು. ಅದಕ್ಕೆ ಅವರದೇ ಹೆಸರು, ‘ಮ್ಯಾಕ್ಸೀನ್ಸ್ ಗಾರ್ಡನ್’. ಅಷ್ಟು ಜಾಗದಲ್ಲಿ ವರ್ಷಕ್ಕೆ ಸುಮಾರು 5 ಕ್ವಿಂಟಾಲ್ ಬೆಳೆ ಬಂತು.

2015ರ ಏಪ್ರಿಲ್‌ನಲ್ಲಿ ಫ್ರೆಡ್ಡಿ ಗ್ರೇ ಎಂಬ 25 ವರ್ಷದ ಕಪ್ಪು ಯುವಕ ಪೊಲೀಸರ ವಶದಲ್ಲಿದ್ದಾಗ ಪೆಟ್ಟಾಗಿ ತೀರಿಕೊಂಡ. ಬಾಲ್ಟಿಮೋರ್ ಹೊತ್ತಿ ಉರಿಯಿತು. ಅಂಗಡಿ ಬಾಗಿಲು ಹಾಕಿದವು. ಶಾಲೆಗೆ ರಜೆ ಕೊಟ್ಟರು, ಶಾಲೆಯ ಊಟವನ್ನೇ ನಂಬಿದ್ದ ಮಕ್ಕಳ ಊಟವೂ ನಿಂತಿತು. ಆಗ ಜನ ಚರ್ಚಿನ ಕಡೆ ಬಂದರು. ಬ್ರೌನ್ ತಮಗೆ ಗೊತ್ತಿದ್ದ ಕಪ್ಪು ರೈತರಿಂದ ತರಕಾರಿ ತರಿಸಿ ಹಂಚಿದರು. ಅಲ್ಲಿಂದ ಹುಟ್ಟಿದ್ದೇ ‘ಬ್ಲ್ಯಾಕ್ ಚರ್ಚ್ ಫುಡ್ ಸೆಕ್ಯುರಿಟಿ ನೆಟ್‌ವರ್ಕ್’. ಚರ್ಚಿನ ಹತ್ತಿರ ಜಾಗ ಇದೆ, ಅಡುಗೆಮನೆ ಇದೆ, ಗಾಡಿ ಇದೆ, ಭಾನುವಾರ ಬಂತೆಂದರೆ ಕರೆಯದೆಯೇ ಜನ ಸೇರುತ್ತಾರೆ. ಇನ್ನೇನು ಬೇಕು? ಚರ್ಚುಗಳನ್ನೂ ಕಪ್ಪು ರೈತರನ್ನೂ ನೇರವಾಗಿ ಜೋಡಿಸುವುದೇ ಈ ನೆಟ್‌ವರ್ಕಿನ ಕೆಲಸ.

ಚರ್ಚು ಮತ್ತು ಭೂಮಿಯ ಈ ನಂಟು ಇನ್ನೂ ಹಳೆಯದು. ನನಗೆ ಈ ಪದದ ಬೇರು ಕಾಣುವುದು 1865ರ ಜನವರಿ 12ರ ಒಂದು ಸಂಜೆಯಲ್ಲಿ. ಜಾರ್ಜಿಯಾದ ಸವಾನಾ ಊರು. ಗುಲಾಮಗಿರಿಯ ವಿಚಾರಕ್ಕೆ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧ ಇನ್ನೂ ಮುಗಿದಿರಲಿಲ್ಲ. ಉತ್ತರದ ಸೇನೆಯ ಜನರಲ್ ಶೆರ್ಮನ್ ಮತ್ತು ಯುದ್ಧ ಮಂತ್ರಿ ಸ್ಟಾಂಟನ್ 20 ಮಂದಿ ಕಪ್ಪು ಧರ್ಮಬೋಧಕರನ್ನು ಕರೆಸಿ ಕೂರಿಸಿಕೊಂಡರು. ಗುಲಾಮಗಿರಿಯಿಂದ ಬಿಡುಗಡೆಯಾದ ನಿಮ್ಮ ಜನಕ್ಕೆ ಏನು ಬೇಕು ಎಂದು ಕೇಳಿದರು. ಎಲ್ಲರ ಪರವಾಗಿ ಮಾತಾಡಿದವರು ಗ್ಯಾರಿಸನ್ ಫ್ರೇಜರ್. ವಯಸ್ಸು 67. ತಮ್ಮ ಮತ್ತು ಹೆಂಡತಿಯ ಬಿಡುಗಡೆಗೆ 1,000 ಡಾಲರ್ ಬೆಳ್ಳಿ ಬಂಗಾರ ತೆತ್ತಿದ್ದ ಬ್ಯಾಪ್ಟಿಸ್ಟ್ ಬೋಧಕರು. ಅವರು ಕೇಳಿದ್ದು ಭೂಮಿ. ನಮ್ಮ ದುಡಿಮೆಯಿಂದಲೇ ಉತ್ತು ಬೆಳೆದು ಬದುಕುತ್ತೇವೆ ಎಂದರು. ಬಿಳಿಯರ ನಡುವೆ ಬಾಳುತ್ತೀರೋ, ಬೇರೆಯಾಗಿಯೋ ಎಂಬ ಪ್ರಶ್ನೆಗೂ ನೇರವಾಗಿ ಉತ್ತರಿಸಿದರು. ಬೇರೆಯಾಗಿ ಇರುತ್ತೇನೆ, ನಮ್ಮ ಮೇಲಿನ ದ್ವೇಷ ಹೋಗಲು ವರ್ಷಗಳೇ ಹಿಡಿಯುತ್ತವೆ ಎಂದು.

ನಾಲ್ಕೇ ದಿನದಲ್ಲಿ ಶೆರ್ಮನ್ ಆದೇಶ ಬಂತು. ಕರಾವಳಿಯ ಜಮೀನಿನಲ್ಲಿ ಒಂದೊಂದು ಸಂಸಾರಕ್ಕೆ 40 ಎಕರೆವರೆಗೆ. ಸಾವಿರಾರು ಜನ ಹೋಗಿ ಬೀಜ ಹಾಕಿದರು. ಅದೇ ವರ್ಷ ಅಧ್ಯಕ್ಷ ಆಂಡ್ರೂ ಜಾನ್ಸನ್ ಆ ಜಮೀನನ್ನು ಹಳೇ ಧಣಿಗಳಿಗೆ ವಾಪಸು ಕೊಡಿಸಿದರು. ಬೀಜ ಹಾಕಿದವರು ಮತ್ತೆ ಕೂಲಿಗಳಾದರು.

ಆಮೇಲೂ ಕಪ್ಪು ಜನ ಕಾಸಿಗೆ ಕಾಸು ಸೇರಿಸಿ ಭೂಮಿ ಕೊಂಡರು. 1920ರ ಹೊತ್ತಿಗೆ ಅಮೆರಿಕದಲ್ಲಿ 9 ಲಕ್ಷಕ್ಕೂ ಜಾಸ್ತಿ ಕಪ್ಪು ರೈತರಿದ್ದರು. ಈಗ ಒಟ್ಟು ರೈತರಲ್ಲಿ 100ಕ್ಕೆ 2 ಮಂದಿಯೂ ಇಲ್ಲ. ಬೆದರಿಕೆಗೆ ಊರು ಬಿಟ್ಟವರುಂಟು, ಸಾಲ ಸಿಗದೆ ಜಮೀನು ಕಳೆದುಕೊಂಡವರುಂಟು. ಸಾಲ ಕೊಡುವಾಗ ಕೃಷಿ ಇಲಾಖೆ ಬಣ್ಣ ನೋಡಿತು ಎಂದು ರೈತರು ಕೋರ್ಟಿಗೆ ಹೋದರು. 1999ರ ರಾಜಿಯಲ್ಲಿ ಸರ್ಕಾರ ಪರಿಹಾರ ಕೊಡಲು ಒಪ್ಪಿತು.

ಈಗ ‘ಹೀಲಿಂಗ್’ ಎಂಬ ಪದಕ್ಕೆ ಬರೋಣ. ಕನ್ನಡದಲ್ಲಿ ‘ವಾಸಿಯಾಗು’ ಅನ್ನಬಹುದು, ‘ಗುಣವಾಗು’ ಅನ್ನಬಹುದು. ನಾನು ‘ಮಾಯು’ ಎಂಬುದನ್ನೇ ಆರಿಸಿಕೊಳ್ಳುತ್ತೇನೆ. ಗಾಯ ತಳದಿಂದ ಕೂಡಿಕೊಂಡು ಬಂದರೆ ಮಾಯಿತು ಅನ್ನುತ್ತೇವೆ. ಮಾಯವಾಗುವುದು ಬೇರೆ, ಮಾಯುವುದು ಬೇರೆ. ಮೇಲೆ ಹಕ್ಕಳೆ ಕಟ್ಟಿ ಒಳಗೆ ಕೀವು ಉಳಿದಿದ್ದರೆ ಯಾವ ಅಜ್ಜಿಯೂ ಅದನ್ನು ಮಾಯಿತು ಅನ್ನುವುದಿಲ್ಲ, ಅಲ್ವಾ? ಕಪ್ಪು ಜನ, ಬಿಳಿಯರು ಒಂದು ಶನಿವಾರ ಒಟ್ಟಿಗೆ ಕಳೆ ಕಿತ್ತು, ಕೈಕುಲುಕಿ, ಆದದ್ದು ಆಯಿತು ಎಂದು ಮನೆಗೆ ಹೋದರೆ ಅದು ಹಕ್ಕಳೆ. ಕಿತ್ತುಕೊಂಡದ್ದು ಏನು, ಅದು ಈಗ ಯಾರ ಕೈಯಲ್ಲಿದೆ ಎಂದು ಕೇಳುವ ಧೈರ್ಯ ಬೇಕು. ‘ಜಸ್ಟಿಸ್’ ಪದ ಪಕ್ಕದಲ್ಲಿ ಇರುವುದು ಅದಕ್ಕೇ.

ಹತ್ತಿರದ ಇನ್ನೊಂದು ಪದ ‘ಫುಡ್ ಅಪಾರ್ಥೈಡ್’. ಅಪಾರ್ಥೈಡ್ ಅಂದರೆ ಬಣ್ಣ ನೋಡಿ ಜನರನ್ನು ಬೇರೆ ಇಡುವ ವ್ಯವಸ್ಥೆ. ತಾಜಾ ತರಕಾರಿ ಸಿಗದ ಬಡಾವಣೆಯನ್ನು ಅಲ್ಲಿ ‘ಫುಡ್ ಡೆಸರ್ಟ್’, ಊಟದ ಮರಳುಗಾಡು ಅನ್ನುತ್ತಿದ್ದರು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಮುದಾಯ ತೋಟಗಳನ್ನು ಕಟ್ಟಿದ ಕರೆನ್ ವಾಷಿಂಗ್ಟನ್ ಇದನ್ನು ಒಪ್ಪಲಿಲ್ಲ. ಮರಳುಗಾಡು ತಾನಾಗಿ ಆದದ್ದು. ಕಪ್ಪು ಜನರ ಬೀದಿಯಲ್ಲಿ ಸೊಪ್ಪು ಸಿಗದಿರುವುದು ತಾನಾಗಿ ಆದದ್ದಲ್ಲ. ಅದಕ್ಕೇ ಅವರು ‘ಡೆಸರ್ಟ್’ ಬಿಟ್ಟು ‘ಅಪಾರ್ಥೈಡ್’ ಅಂದರು. ಆ ಒಂದು ಪದ ಬದಲಾಯಿಸಿದ್ದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಕೊನೆಗೆ ಒಂದು ಕಾಳಿನ ವಿಷಯ ಹೇಳಬೇಕು. ನಾವು ಸಾರಿಗೆ ಹಾಕುವ ಅಲಸಂದೆ ಮೂಲತಃ ಆಫ್ರಿಕಾದ್ದು. ಗುಲಾಮರನ್ನು ತುಂಬಿದ ಹಡಗುಗಳ ಜೊತೆಗೇ ಅದು ಅಟ್ಲಾಂಟಿಕ್ ದಾಟಿತು. ಅಮೆರಿಕದ ದಕ್ಷಿಣದಲ್ಲಿ ಹೊಸ ವರ್ಷದ ದಿನ ಅದರ ಅಡುಗೆ ಆಗಲೇಬೇಕು. ಬಿಳಿ ಕಾಳು, ನಡುವೆ ಕಪ್ಪು ಕಣ್ಣು. ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳು. ಗಾಳಿಯ ಸಾರಜನಕ ಅಲ್ಲಿ ಗೊಬ್ಬರವಾಗುತ್ತದೆ. ಸೊರಗಿದ ಮಣ್ಣಲ್ಲೂ ಅಲಸಂದೆ ಬರುತ್ತದೆ, ಬಂದು ಮಣ್ಣಿಗೂ ಒಂದಿಷ್ಟು ಕೊಟ್ಟು ಹೋಗುತ್ತದೆ. ಹಸಿ ಕಾಯಿ ಬಿಡಿಸಿಕೊಂಡು ಹೋದ ಮೇಲೂ ತೋಟ ಬಲ್ಲವರು ಬಳ್ಳಿಯಲ್ಲಿ ನಾಲ್ಕು ಕಾಯಿ ಒಣಗಲು ಬಿಡುತ್ತಾರೆ. ಅದು ಬೀಜಕ್ಕೆ.