ಅಸ್ಮಿತೆ: ದೋಸೆಗೂ ಇದೆಯೇ?

ಬೆಣ್ಣೆ ದೋಸೆ ದಾವಣಗೆರೆಯ ಅಸ್ಮಿತೆಯಂತೆ. ಪೇಡ ಧಾರವಾಡದ ಅಸ್ಮಿತೆ, ಮಲ್ಲಿಗೆ ಮೈಸೂರಿನ ಅಸ್ಮಿತೆ. ನವೆಂಬರ್ ಬಂತೆಂದರೆ ಫ್ಲೆಕ್ಸುಗಳಲ್ಲೂ ಭಾಷಣಗಳಲ್ಲೂ ಈ ಪದದ ಸುಗ್ಗಿ. ‘ನಿಮ್ಮ ಅಸ್ಮಿತೆಗೆ ತಕ್ಕ ಮೂರು ಬೆಡ್‌ರೂಮಿನ ಮನೆ’ ಎಂಬ ಜಾಹೀರಾತು ಕಂಡ ಮೇಲೆ ಸುಮ್ಮನಿರಲು ಆಗಲಿಲ್ಲ. ಅಲ್ಲಿ ಬೇಕಿದ್ದ ಪದ ಅಂತಸ್ತು. ದೋಸೆಗೆ ಬೇಕಿದ್ದದ್ದು ಹೆಗ್ಗಳಿಕೆ. ಧಾರವಾಡ ಪೇಡಕ್ಕೆ ಹೆಸರುವಾಸಿ ಅಂದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ಪದಗಳಿಗೆ ಹೊಸ ಅರ್ಥ ಬರಬಾರದು ಎಂಬ ಮಡಿವಂತಿಕೆ ನನಗಿಲ್ಲ. ಆದರೆ ಬಳಕೆಯಲ್ಲಿರುವ ಐದಾರು ಒಳ್ಳೆಯ ಪದಗಳನ್ನು ಒಂದೇ ಪದ ನುಂಗಿ ಕೂತರೆ, ಅದಕ್ಕೇ ಮೀಸಲಾದ ಕೆಲಸ ಬಂದಾಗ ಅದು ಕೈಗೆ ಸಿಗುವುದಿಲ್ಲ.

ಆ ಕೆಲಸ ಯಾವುದು ಎಂದು ಪದದ ಹುಟ್ಟೇ ಹೇಳುತ್ತದೆ. ‘ಅಹಂ ಬ್ರಹ್ಮಾಸ್ಮಿ’ ಎಂಬುದರ ಕೊನೆಯಲ್ಲಿರುವ ‘ಅಸ್ಮಿ’ ಇದರ ಮೂಲ. ‘ಇರು’ ಎಂಬರ್ಥದ ‘ಅಸ್’ ಧಾತುವಿನ ಉತ್ತಮ ಪುರುಷ ಏಕವಚನ, ಅಂದರೆ ‘ನಾನು ಇದ್ದೇನೆ’. ಅದಕ್ಕೆ ‘ತಾ’ ಪ್ರತ್ಯಯ ಸೇರಿ ಅಸ್ಮಿತಾ, ಕನ್ನಡದಲ್ಲಿ ಅಸ್ಮಿತೆ. ನಾಮಪದಕ್ಕೋ ವಿಶೇಷಣಕ್ಕೋ ಹತ್ತಬೇಕಾದ ಪ್ರತ್ಯಯ ಪುರುಷ, ವಚನ ಎಲ್ಲ ಹೊತ್ತು ನಿಂತ ಕ್ರಿಯಾಪದಕ್ಕೇ ಹತ್ತಿದೆ; ಇದು ಅಪರೂಪ. ಇದೇ ಧಾತುವಿನಿಂದ ಹೀಗೇ ಆದ ಇನ್ನೊಂದು ಪದ ನಮಗೆಲ್ಲ ಗೊತ್ತು: ಅಸ್ತಿತ್ವ. ‘ಅಸ್ತಿ’ ಪ್ರಥಮ ಪುರುಷ. ಅವನು ಇದ್ದಾನೆ, ಅದು ಇದೆ. ಈ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮುಕ್ಕಾಲು ಗೊಂದಲ ಹರಿಯುತ್ತದೆ. ಬೆಟ್ಟಕ್ಕೆ ಅಸ್ತಿತ್ವ ಇದೆ, ಕೆರೆಗೆ ಇದೆ, ದೋಸೆಗೂ (ತಿನ್ನುವ ತನಕ) ಇದೆ. ಯಾರೋ ಒಬ್ಬರು ನೋಡಿ ‘ಇದೆ’ ಎಂದರೆ ಸಾಕು. ಅಸ್ಮಿತೆ ಇರಬೇಕಾದರೆ ಒಳಗಿನಿಂದಲೇ ‘ನಾನು’ ಎನ್ನಲು ಬರಬೇಕು. ಅದನ್ನು ಬೇರೆಯವರು ಕೊಡುವುದಕ್ಕೂ ಆಗದು, ಸರ್ಟಿಫಿಕೇಟು ಬರೆಯುವುದಕ್ಕೂ ಆಗದು.

ಈ ಪದ ಶಾಸ್ತ್ರದಲ್ಲಿ ಹೆಸರು ಮಾಡಿದ್ದು ಪತಂಜಲಿಯ ಯೋಗಸೂತ್ರದಿಂದ. ಹೆಸರೋ, ಅಪಕೀರ್ತಿಯೋ! ಎರಡನೆಯ ಪಾದದಲ್ಲಿ ಐದು ಕ್ಲೇಶಗಳ ಪಟ್ಟಿ ಬರುತ್ತದೆ: ಅವಿದ್ಯೆ, ಅಸ್ಮಿತೆ, ರಾಗ, ದ್ವೇಷ, ಅಭಿನಿವೇಶ. ನೋಡುವವನೂ ನೋಡುವ ಸಾಧನವೂ ಒಂದೇ ಎಂಬಂತೆ ತೋರುವುದು ಅಸ್ಮಿತೆ ಎಂದು ಅಲ್ಲಿನ ವ್ಯಾಖ್ಯೆ. ಕನ್ನಡಕ ಹಾಕಿಕೊಂಡವನು ಕನ್ನಡಕವೇ ತಾನು ಎಂದುಕೊಂಡ ಹಾಗೆ. ಮೊದಲ ಪಾದದ ಸಮಾಧಿಯ ವಿವರಣೆಯಲ್ಲೂ ಪದ ಇದೆ, ಅಲ್ಲಿ ಅದು ದೋಷವಲ್ಲ. ಪಂಡಿತರು ತಕರಾರು ಎತ್ತುವ ಮುನ್ನ ನಾನೇ ಹೇಳಿಬಿಡುತ್ತೇನೆ. ಆದರೂ ಇಂದು ‘ಉಳಿಸೋಣ, ಬೆಳೆಸೋಣ’ ಎಂದು ಘೋಷಣೆ ಕೂಗುವ ವಸ್ತು ಒಂದು ಕಾಲಕ್ಕೆ ಕಳೆದುಕೊಳ್ಳಬೇಕಾದ ಕ್ಲೇಶವಾಗಿತ್ತು ಎಂಬುದು ತಮಾಷೆಯಾಗಿದೆ. ಇದರ ನೆಂಟ ‘ಅಹಂಕಾರ’ ನಡೆದದ್ದು ತದ್ವಿರುದ್ಧ ದಾರಿ. ಸಾಂಖ್ಯರಲ್ಲಿ ಅದು ಬುದ್ಧಿ, ಮನಸ್ಸುಗಳ ಜೊತೆ ಎಣಿಸುವ ಒಂದು ತತ್ತ್ವ, ಬೈಗುಳವಲ್ಲ. ಕನ್ನಡದ ಬೀದಿಗೆ ಬಂದು ಸೊಕ್ಕು ಎಂಬ ಅರ್ಥಕ್ಕೆ ಇಳಿಯಿತು. ಅಸ್ಮಿತೆ ಮಾತ್ರ ವೇದಿಕೆ ಹತ್ತಿ ಶಾಲು ಹೊದ್ದುಕೊಂಡಿತು.

ವೇದಿಕೆ ಹತ್ತಿಸಿದವರಲ್ಲಿ ಮುಖ್ಯರು ಗುಜರಾತಿನವರು. ಕಳೆದ ಶತಮಾನದಲ್ಲಿ ಅಲ್ಲಿನ ಸಾಹಿತಿ, ರಾಜಕಾರಣಿ ಕನ್ಹಯ್ಯಾಲಾಲ್ ಮುನ್ಷಿ ‘ಗುಜರಾತಿನ ಅಸ್ಮಿತೆ’ ಎಂಬ ಮಾತನ್ನು ಅಲ್ಲಿ ಮನೆಮಾತು ಮಾಡಿದರು. ವ್ಯಕ್ತಿಗಿದ್ದ ‘ನಾನು’ ಒಂದು ಪ್ರಾಂತಕ್ಕೆ ದಾಟಿತು. ಮರಾಠಿ ಅಸ್ಮಿತೆಯ ಘೋಷಣೆ ಬೆಳಗಾವಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಏಕೀಕರಣದ ಕಾಲದ ನಮ್ಮ ಹಿರಿಯರು ಈ ಪದವನ್ನು ನೆಚ್ಚಿಕೊಂಡಿರಲಿಲ್ಲ. ಆಲೂರು ವೆಂಕಟರಾಯರು ಹೇಳುತ್ತಿದ್ದದ್ದು ‘ಕರ್ನಾಟಕತ್ವ’. ಈಗ 2023ರ ಏಪ್ರಿಲ್ ನೆನಪಿಸಿಕೊಳ್ಳಿ. ವಿಧಾನಸಭೆ ಚುನಾವಣೆಯ ಹೊಸ್ತಿಲಲ್ಲಿ ಅಮುಲ್ ಬೆಂಗಳೂರಿಗೆ ಹಾಲು ಮೊಸರು ತರುತ್ತೇನೆಂದಿತು. ‘ನಂದಿನಿ ಕನ್ನಡಿಗರ ಅಸ್ಮಿತೆ’ ಎಂದು ಎಲ್ಲ ಕಡೆ ಕೂಗೆದ್ದಿತು. ಗುಜರಾತಿನ ಹಾಲನ್ನು ತಡೆಯಲು ನಾವು ಹಿಡಿದ ಪದ ಈ ಅರ್ಥದಲ್ಲಿ ಗುಜರಾತಿನಲ್ಲೇ ಬೆಳೆದದ್ದು. ನಂದಿನಿಯ ಸಹಕಾರ ವ್ಯವಸ್ಥೆಯನ್ನು ಕಟ್ಟಿದ್ದೂ ಅಮುಲ್‌ನ ತವರೂರಾದ ಗುಜರಾತಿನ ಆನಂದ್‌ನ ಮಾದರಿಯಲ್ಲೇ. ಇದರಿಂದ ನಂದಿನಿಯ ಪರವಾದ ವಾದ ಸೊರಗುವುದಿಲ್ಲ. ರೈತರ ಆದಾಯ, ಹಾಲಿನ ದರ, ಸಹಕಾರ ಸಂಘಗಳ ಉಳಿವು, ಹೀಗೆ ಗಟ್ಟಿಯಾದ ವಾದಗಳೇ ಇದ್ದವು. ಅವನ್ನೆಲ್ಲ ಪಕ್ಕಕ್ಕಿಟ್ಟು ಅಸ್ಮಿತೆಯನ್ನೇ ಕೂಗಿದ್ದು ನನ್ನ ಬೇಸರ. ಎರಡು ಹೊತ್ತೂ ಕ್ಯಾನು ಹಿಡಿದು ಡೈರಿ ಮುಂದೆ ಸಾಲಿನಲ್ಲಿ ನಿಲ್ಲುವ ಹೆಂಗಸು ‘ನಾವು ಡೈರಿಗೆ ಹಾಲು ಹಾಕೋರು’ ಎಂದು ಎದೆ ಎತ್ತಿ ಹೇಳಿದರೆ ಅಲ್ಲಿ ಅಸ್ಮಿತೆಯ ಮಾತು ಎತ್ತಬಹುದು. ಪ್ಯಾಕೆಟ್ಟಿಗೆ ಅಸ್ಮಿತೆ ಇಲ್ಲ. 2024ರ ಟಿ20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ಆಟಗಾರರು ನಂದಿನಿ ಹೆಸರಿನ ಅಂಗಿ ತೊಟ್ಟು ಆಡಿದರು. ಅದು ಪ್ರಾಯೋಜಕತ್ವ, ಒಳ್ಳೆಯ ಪ್ರಚಾರ. ಆ ಸ್ಕಾಟರ ಅಸ್ಮಿತೆಗೆ ಏನೂ ಆಗಲಿಲ್ಲ.

ಗೊಂದಲಕ್ಕೆ ಇಂಗ್ಲಿಷಿನದೂ ಪಾಲಿದೆ. ‘ಐಡೆಂಟಿಟಿ’ಯ ಹಿಂದಿರುವ ಲ್ಯಾಟಿನ್ ‘ಇದೆಮ್’ ಅಂದರೆ ‘ಅದೇ’. ವಿಮಾನ ನಿಲ್ದಾಣದಲ್ಲಿ ಫೋಟೊವನ್ನೂ ಮುಖವನ್ನೂ ನೋಡಿ ‘ಅದೇ ಆಸಾಮಿ’ ಎಂದು ಠಸ್ಸೆ ಒತ್ತುವುದೂ ಐಡೆಂಟಿಟಿ, ‘ನಾನು ಯಾರು’ ಎಂದು ರಾತ್ರಿಯೆಲ್ಲ ಹೊರಳಾಡುವುದೂ ಐಡೆಂಟಿಟಿ. ನಮಗೆ ಮೊದಲನೆಯದಕ್ಕೆ ಗುರುತು ಇದೆ. ಮತದಾರರ ಗುರುತಿನ ಚೀಟಿಯನ್ನು ಯಾರೂ ಅಸ್ಮಿತೆಯ ಚೀಟಿ ಎನ್ನುವುದಿಲ್ಲ, ಪುಣ್ಯ. ಆಧಾರಿನ 12 ಅಂಕಿಗಳು ಗುರುತು. ಆದರೆ ‘ಗುರುತಿನ ರಾಜಕಾರಣ’ ಎಂದರೆ ಏನೋ ಕಡಿಮೆಯಾಯಿತು ಅನ್ನಿಸಿ ‘ಅಸ್ಮಿತೆಯ ರಾಜಕಾರಣ’ ಎನ್ನುತ್ತೇವೆ. ಅದು ಸರಿಯೇ, ಯಾಕೆಂದರೆ ಅಲ್ಲಿ ‘ನಾವು’ ಎಂದು ಹೇಳುವ ಜನ ಇದ್ದಾರೆ.

ಈ ‘ನಾವು’ ಮತ್ತೊಂದು ಫಜೀತಿ. ತುಳುವಿನಲ್ಲಿ ಎದುರಿಗಿರುವವರನ್ನೂ ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕುಲು’. ತೆಲುಗಿನಲ್ಲಿ ‘ಮನಂ’, ‘ಮೇಮು’. ತಮಿಳಿನಲ್ಲಿ ‘ನಾಂ’, ‘ನಾಂಗಳ್’. ಇಂದಿನ ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಬೆಂಗಳೂರಿಗೆ ಬಂದು ಹತ್ತು ವರ್ಷವಾದ, ತಕ್ಕಮಟ್ಟಿಗೆ ಕನ್ನಡ ಮಾತಾಡುವ ಒಬ್ಬರ ಎದುರು ‘ನಾವು ಕನ್ನಡಿಗರು’ ಎಂದರೆ ಅವರು ಒಳಗೋ ಹೊರಗೋ? ವಾಕ್ಯ ಹೇಳುವುದಿಲ್ಲ, ದನಿ ಹೇಳಬೇಕು. ಮಂಗಳೂರಿನವರು ಇದನ್ನು ತುಳುವಿನಲ್ಲಿ ಹೇಳುವಾಗ ಪ್ರತಿಸಲವೂ ಬಾಗಿಲು ತೆರೆಯಬೇಕು, ಇಲ್ಲ ಮುಚ್ಚಬೇಕು. ಇದರಿಂದ ತುಳುವರ ಮನಸ್ಸು ನಮ್ಮದಕ್ಕಿಂತ ಸ್ಪಷ್ಟ ಎಂದು ಯಾರೂ ಪ್ರಬಂಧ ಬರೆಯಬೇಡಿ. ಕನ್ನಡದಲ್ಲಿ ‘ಅಸ್ಮಿ’ಗೆ ಸಮನಾದ ಪದವೇ ಬೇಕಾಗುವುದಿಲ್ಲ, ‘ನಾನು ಮೇಷ್ಟ್ರು’ ಅಂದರೆ ವಾಕ್ಯ ಮುಗಿಯಿತು. ಹಾಗೆಂದು ನಮ್ಮ ಮೇಷ್ಟ್ರುಗಳಿಗೆ ‘ನಾನು’ ಕಡಿಮೆಯೇ?

‘ಪಾಶ್ಚಾತ್ಯರದು ವ್ಯಕ್ತಿಯ ಅಸ್ಮಿತೆ, ನಮ್ಮದು ಸಮುದಾಯದ ಅಸ್ಮಿತೆ’ ಎಂಬ ಮಾತೂ ಹೀಗೇ ಸಲೀಸಾಗಿ ಓಡಾಡುತ್ತದೆ. ‘ನಾನು ಯಾರು?’ ಎಂಬುದಕ್ಕೆ 20 ಉತ್ತರ ಬರೆಸುವ ಒಂದು ಪರೀಕ್ಷೆಯನ್ನು 1954ರಲ್ಲಿ ಅಮೆರಿಕದ ಕುನ್ ಮತ್ತು ಮೆಕ್‌ಪಾರ್ಟ್‌ಲೆಂಡ್ ಪ್ರಕಟಿಸಿದರು. ಮುಂದೆ ಇದನ್ನು ಹಲವು ದೇಶಗಳಲ್ಲಿ ಬಳಸಿದರು. ಅಮೆರಿಕದ ವಿದ್ಯಾರ್ಥಿಗಳು ‘ನಾನು ಹಟಮಾರಿ’ ಎಂಬಂಥ ಗುಣಗಳನ್ನು ಬರೆದರೆ, ಜಪಾನಿನವರು ಸಂಬಂಧ, ಪಾತ್ರಗಳನ್ನು ಹೆಚ್ಚಾಗಿ ಬರೆದರು. ಆದರೆ 1989ರ ಒಂದು ಅಧ್ಯಯನದಲ್ಲಿ ‘ಮನೆಯಲ್ಲಿ ನಾನು’ ಎಂಬಂತೆ ಸಂದರ್ಭವನ್ನು ಸೇರಿಸಿ ಕೇಳಿದಾಗ ಜಪಾನಿನವರೇ ಗುಣಗಳನ್ನು ಹೆಚ್ಚು ಬರೆದರು. ಉತ್ತರ ಪ್ರಶ್ನೆ ಕೇಳಿದ ರೀತಿಯ ಮೇಲೂ ನಿಂತಿರುತ್ತದೆ ಎಂದಾಯಿತು.

ಸಂಸ್ಕೃತಿ ‘ನಾನು’ವನ್ನು ಹೇಗೆ ತಿದ್ದುತ್ತದೆ ಎಂದು ನೋಡಲು ಪಾಸ್‌ಪೋರ್ಟ್ ಅರ್ಜಿ ಸಾಕು. ಮದ್ದೂರು ನಂಜೇಗೌಡರ ಮಗ ಶಿವಕುಮಾರ ಎಂದಿಟ್ಟುಕೊಳ್ಳಿ. ಊರು, ಅಪ್ಪ, ಆಮೇಲೆ ತಾನು: ಎಂ. ಎನ್. ಶಿವಕುಮಾರ. ಅರ್ಜಿಯಲ್ಲಿ ‘ಸರ್‌ನೇಮ್’ ಎಂಬ ಮನೆ. ಧಾರವಾಡದ ಕಡೆಯ ಪಾಟೀಲರಿಗೆ, ಮೆಣಸಿನಕಾಯಿಯವರಿಗೆ ಈ ಪೇಚಾಟವಿಲ್ಲ. ಶಿವಕುಮಾರ ಅಪ್ಪನ ಹೆಸರನ್ನು ಅಲ್ಲಿ ತುಂಬಿಸುತ್ತಾನೆ, ಊರು ಬಿದ್ದುಹೋಗುತ್ತದೆ. ಡಲ್ಲಾಸಿನ ಬ್ಯಾಂಕಿನಲ್ಲಿ ‘ಮಿಸ್ಟರ್ ನಂಜೇಗೌಡ’ ಎಂದು ಕರೆದರೆ ಮೊದಮೊದಲು ಅಪ್ಪ ಬಂದರೇನೋ ಎಂದು ತಿರುಗಿ ನೋಡಬೇಕು. ಅಲ್ಲೇ ಹುಟ್ಟಿದ ಮಗನಿಗೂ ನಂಜೇಗೌಡ ಎಂದೇ ದಾಖಲಾಗುತ್ತದೆ. ಆ ಹುಡುಗನಿಗೆ ಅದು ಅಜ್ಜನ ಹೆಸರಲ್ಲ, ಮನೆತನದ ಹೆಸರು. ಒಂದು ಅರ್ಜಿ ನಮೂನೆ ಎರಡು ತಲೆಮಾರಿನಲ್ಲಿ ಇಲ್ಲದ ಮನೆತನವನ್ನು ಸೃಷ್ಟಿಸಿತು. (‘ಐಡೆಂಟಿಟಿ ಕ್ರೈಸಿಸ್’ ಎಂಬ ಮಾತನ್ನು ಜಗತ್ತಿಗೆ ಹಂಚಿದ ಮನೋವಿಜ್ಞಾನಿ ಎರಿಕ್ ಎರಿಕ್‌ಸನ್, ಅಮೆರಿಕದ ಪ್ರಜೆಯಾಗುವಾಗ ಮಲತಂದೆಯ ಸರ್‌ನೇಮನ್ನು ಹಿಂದೆ ಸರಿಸಿ ‘ಎರಿಕನ ಮಗ’ ಎಂಬರ್ಥದ ಹೊಸದನ್ನು ತಾನೇ ಇಟ್ಟುಕೊಂಡವನು.) ಇಲ್ಲಿ ಬದಲಾದದ್ದು ಗುರುತು ಮಾತ್ರವೇ, ಅಸ್ಮಿತೆಯೂ ಹೌದೇ ಎಂದರೆ, ಶಿವಕುಮಾರನಿಗೆ ಗುರುತು, ಮಗನಿಗೆ ಅಸ್ಮಿತೆ. ಅವನು ‘ನಾನು’ ಎಂದು ಕಲಿಯುವುದೇ ಆ ಹೆಸರಿನೊಳಗೆ.

ಮನೆತನದ ‘ತನ’ ನಮ್ಮದೇ ಪ್ರತ್ಯಯ. ಅದರಿಂದಲೇ ‘ತನ್ನತನ’ ಎಂಬ ಸೊಗಸಾದ ಪದವಿದೆ. ‘ಅಮೆರಿಕಕ್ಕೆ ಹೋದರೂ ತನ್ನತನ ಬಿಡಲಿಲ್ಲ’ ಎನ್ನುವ ಕಡೆ ಅಸ್ಮಿತೆಯನ್ನು ಎಳೆದು ತರುವುದು ಯಾಕೋ ತಿಳಿಯದು. ವ್ಯಕ್ತಿಗೆ ತನ್ನತನ, ಭಾಷೆಗೆ ಕನ್ನಡತನ, ಊರಿಗೆ ಹೆಗ್ಗಳಿಕೆ, ದಾಖಲೆಗೆ ಗುರುತು, ಕಂಪನಿಗೆ ಲಾಂಛನ. ‘ನಾನು’, ‘ನಾವು’ ಎಂದು ಹೇಳಿಕೊಳ್ಳುವುದೇ ವಿಷಯವಾದಾಗ ಅಸ್ಮಿತೆ.

ಕೊನೆಗೆ, ಮಗಳಿಗೆ ಅಸ್ಮಿತಾ ಎಂದು ಹೆಸರಿಟ್ಟವರ ಆತಂಕ. ‘ಸ್ಮಿತ ಅಂದರೆ ನಗು, ಹಾಗಾದರೆ ಅಸ್ಮಿತಾ ನಗದವಳೇ?’ ಎಂದು ಯಾರೋ ಬುದ್ಧಿವಂತರು ಹೆದರಿಸಿರುತ್ತಾರೆ. ಅಲ್ಲ. ಈ ‘ಅ’ ‘ಅಸತ್ಯ’ದ ‘ಅ’ ಅಲ್ಲ, ಧಾತುವಿನದೇ. ಅಫಿಡವಿಟ್ ಮಾಡಿಸಿ ಹೆಸರು ಬದಲಿಸುವ ಅಗತ್ಯವಿಲ್ಲ.