ಸಾವಿರ ಕೆಲಸ, ಎಂಟು ಜಾಗ

ಸಾವಿರ ವಿಡಿಯೊ ಫೈಲ್‌ಗಳಿವೆ, ಪ್ರತಿಯೊಂದನ್ನೂ ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಪ್ರೋಗ್ರಾಂಗೆ ಕೊಡಬೇಕು ಅಂದುಕೊಳ್ಳಿ. ಕಮಾಂಡ್ ಓಡಿಸುವ ಶೆಲ್ ಆದ ಬ್ಯಾಷ್‌ನಲ್ಲಿ ಸಾಲಿನ ಕೊನೆಗೆ ಆ್ಯಂಪರ್ಸೆಂಡ್ (&, 'ಮುಗಿಯಲು ಕಾಯಬೇಡ' ಅನ್ನುವ ಗುರುತು) ಹಾಕಿ ಲೂಪ್ ತಿರುಗಿಸಿದರೆ ಸಾವಿರವೂ ಒಟ್ಟಿಗೇ ಏಳುತ್ತವೆ. ಮೆಷಿನ್ ಮಲಗುತ್ತದೆ.

ಸರಿ, ಎಂಟೆಂಟರಂತೆ ಬಿಟ್ಟು, ಎಂಟೂ ಮುಗಿಯುವ ತನಕ 'ವೇಟ್' ಮಾಡೋಣ ಅಂತ ಬಹಳ ಜನ ಹೊರಡುತ್ತಾರೆ. ಆದರೆ ಒಂದು ಫೈಲ್ ದೊಡ್ಡದಿದ್ದರೆ ಉಳಿದ ಏಳು ಜಾಗ ಸುಮ್ನೆ ಖಾಲಿ ಬಿದ್ದಿರುತ್ತವೆ. ಒಂದು ಮುಗಿದ ತಕ್ಷಣ ಇನ್ನೊಂದು ಒಳಗೆ ಬರಬೇಕು, ಅಲ್ವಾ? ಬ್ಯಾಷ್ 4.3ರಿಂದ 'ವೇಟ್ -ಎನ್' ಇರುವುದೇ ಇದಕ್ಕೆ. ಮುಗಿದದ್ದು ಯಾವುದು ಅಂತಲೂ ತಿಳಿಯಬೇಕಾದರೆ 5.1ರಲ್ಲಿ ಬಂದ '-ಪಿ' ಸೇರಿಸಿ. ಇಷ್ಟೆಲ್ಲ ಬೇಡ, ಓಡಿದರೆ ಸಾಕು ಅನ್ನುವವರಿಗೆ 'ಎಕ್ಸ್‌ಆರ್ಗ್ಸ್' ಕಮಾಂಡಿನ '-P' (ಇಲ್ಲಿ ದೊಡ್ಡಕ್ಷರದ ಪಿ) ಸಾಕು. ಅಂದಹಾಗೆ, ಎಫ್‌ಎಫ್‌ಎಂಪೆಗ್ ಒಂದೇ ಹಲವು ಸಿಪಿಯು ಕೋರ್ ಬಳಸುತ್ತದೆ. ಎಂಟು ಕೋರ್ ಇವೆ ಅಂತ ಎಂಟನ್ನು ಓಡಿಸಿದರೆ ಲಾಭ ಅಷ್ಟಕ್ಕಷ್ಟೇ.

ಪೈಥಾನ್‌ನಲ್ಲಿ ನಾನು ಥ್ರೆಡ್‌ಪೂಲ್ ಎಕ್ಸಿಕ್ಯೂಟರ್ (ಕೆಲಸಗಳನ್ನು ನಿಗದಿತ ಸಂಖ್ಯೆಯ ಥ್ರೆಡ್‌ಗಳಿಗೆ ಹಂಚುವ ಸಾಧನ) ಬಳಸುತ್ತೇನೆ. ಒಂದೊಂದು ಥ್ರೆಡ್ಡೂ ಬೇರೆ ಪ್ರೋಗ್ರಾಂ ಓಡಿಸುವ 'ಸಬ್‌ಪ್ರೊಸೆಸ್.ರನ್' ಕರೆದು ಕಾಯುತ್ತದೆ. ಜಿಐಎಲ್ (ಒಮ್ಮೆಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗ) ಅಡ್ಡ ಬರಲ್ವಾ ಅಂತ ಕೇಳುವವರಿದ್ದಾರೆ. ಬರುವುದಿಲ್ಲ. ಕಾಯುವಾಗ ಥ್ರೆಡ್ ಅದನ್ನು ಬಿಟ್ಟುಕೊಟ್ಟಿರುತ್ತದೆ, ನಿಜವಾದ ಕೆಲಸ ಬೇರೆ ಪ್ರೊಸೆಸ್‌ನಲ್ಲಿ ನಡೆಯುತ್ತದೆ.

ಜಾಸ್ತಿ ತಲೆ ತಿನ್ನುವುದು ಪೈಪ್, ಅಂದರೆ ಒಂದು ಪ್ರೋಗ್ರಾಂ ಬರೆದದ್ದು ಇನ್ನೊಂದಕ್ಕೆ ಸಾಗುವ ದಾರಿ. 'ಪಿಓಪನ್'ನಿಂದ ಪ್ರೋಗ್ರಾಂ ಎಬ್ಬಿಸಿ, ಔಟ್‌ಪುಟ್ಟನ್ನು ಪೈಪ್‌ಗೆ ತಿರುಗಿಸಿ, ನೇರ 'ವೇಟ್' ಕರೆದಿರುತ್ತಾರೆ. ಲಿನಕ್ಸ್‌ನಲ್ಲಿ ಪೈಪ್ ಹಿಡಿಸುವುದು ಸಾಮಾನ್ಯವಾಗಿ 65,536 ಬೈಟ್. ಅದು ತುಂಬಿದರೆ ಚೈಲ್ಡ್ (ಎಬ್ಬಿಸಿದ ಪ್ರೋಗ್ರಾಂ) ಬರೆಯುವುದನ್ನು ನಿಲ್ಲಿಸಿ, ಯಾರಾದರೂ ಓದಲಿ ಅಂತ ಕಾಯುತ್ತದೆ. ಪೇರೆಂಟ್ (ಎಬ್ಬಿಸಿದ ನಮ್ಮ ಪೈಥಾನ್), ಚೈಲ್ಡ್ ಮುಗಿಯಲಿ ಅಂತ ಕಾಯುತ್ತದೆ. ಎರರ್ ಇಲ್ಲ, ಸಿಪಿಯು ಸೊನ್ನೆ. ಪುಟ್ಟ ಫೈಲ್‌ಗಳಲ್ಲಿ ಟೆಸ್ಟ್ ಮಾಡಿದಾಗ ಎಲ್ಲ ಸರಿ ಇರುತ್ತದೆ, ಲಾಗ್ ಉದ್ದವಾದ ದಿನ ಪೂಲ್ ಪೂರ್ತಿ ಹೆಪ್ಪುಗಟ್ಟುತ್ತದೆ. ಔಟ್‌ಪುಟ್ ಓದುತ್ತಲೇ ಕಾಯುವ 'ಕಮ್ಯುನಿಕೇಟ್' ಬಳಸಿದರೆ ಪರಿಹಾರವಾಗುತ್ತದೆ. ನನಗೆ ಮಾತ್ರ ಕೆಲಸಕ್ಕೊಂದು ಲಾಗ್ ಫೈಲ್ ಇಡುವುದೇ ಇಷ್ಟ. ಸಾಲುಗಳು ಒಂದರೊಳಗೊಂದು ಕಲಸಿಹೋಗುವುದಿಲ್ಲ. ಎಕ್ಸಿಟ್ ಕೋಡ್ ಸೊನ್ನೆಯಲ್ಲದಿದ್ದರೆ, ಅಂದರೆ ಕೆಲಸ ಕೆಟ್ಟಿದ್ದರೆ, ಯಾವ ಫೈಲ್ ತೆರೆದು ನೋಡಬೇಕು ಅನ್ನುವುದೂ ಗೊತ್ತಿರುತ್ತದೆ.

ಟೈಮ್‌ಔಟ್ (ಇಷ್ಟು ಹೊತ್ತಿಗೆ ಮುಗಿಯದಿದ್ದರೆ ಕೊಲ್ಲು ಅನ್ನುವ ಗಡುವು) ಇಟ್ಟರೆ ಇನ್ನೊಂದು ಗುಂಡಿ ಕಾದಿದೆ. ಅದು ಕೊಲ್ಲುವುದು ನೇರ ಚೈಲ್ಡನ್ನು ಮಾತ್ರ. 'ಶೆಲ್=ಟ್ರೂ' (ಶೆಲ್ ಮೂಲಕ ಓಡಿಸು) ಇದ್ದರೆ ಶೆಲ್ ಸಾಯುತ್ತದೆ, ಅದು ಎಬ್ಬಿಸಿದ ಪ್ರೋಗ್ರಾಂ ಓಡುತ್ತಲೇ ಇರಬಹುದು. ಹಾಗಾಗಿ 'ಸ್ಟಾರ್ಟ್_ನ್ಯೂ_ಸೆಷನ್' ಕೊಟ್ಟು ಚೈಲ್ಡನ್ನು ಬೇರೆಯೇ ಗುಂಪಿನಲ್ಲಿಟ್ಟು, 'ಕಿಲ್‌ಪಿಜಿ'ಯಿಂದ ಇಡೀ ಗುಂಪನ್ನೇ ನಿಲ್ಲಿಸಿ. ಆಗ ಟರ್ಮಿನಲ್‌ನ ಕಂಟ್ರೋಲ್-ಸಿ ಆ ಗುಂಪಿಗೆ ತಲುಪುವುದಿಲ್ಲ, ಅದನ್ನೂ ನೀವೇ ಹಿಡಿದು ದಾಟಿಸಬೇಕು.